ಹನ್ನೊಂದು ಸೆಂಟಿಮೀಟರ್: ಹಿರಿಯರಿಗೆ ಪುನಶ್ಚೇತನ ಯೋಜನೆ ಹೆಣೆಯುವ ಬಗೆ

ಫಿಸಿಯೋಥೆರಪಿ ಕಲಿತು ಹೊರಬಂದ ಹೊಸದರಲ್ಲಿ ನನ್ನ ಚೀಲದಲ್ಲಿ ಸದಾ ಒಂದು ಕಟ್ಟು ಹಾಳೆ ಇರುತ್ತಿತ್ತು. ಹನ್ನೆರಡು ವ್ಯಾಯಾಮ, ಹನ್ನೆರಡು ಚಿತ್ರ, ಪ್ರತಿಯೊಂದರ ಕೆಳಗೂ ‘ದಿನಕ್ಕೆ ಮೂರು ಬಾರಿ, ಹತ್ತು ಹತ್ತು ಸಲ’. ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಲ್ಲಿ ರಾಡು ಹಾಕಿಸಿಕೊಂಡು ಮನೆಗೆ ಬಂದಿದ್ದ 78 ವರ್ಷದ ಒಬ್ಬ ಅಜ್ಜಿಗೂ ಅದನ್ನೇ ಕೊಟ್ಟು ಬಂದೆ. ಎರಡು ವಾರ ಬಿಟ್ಟು ಹೋದಾಗ ಹಾಳೆ ಎಲ್ಲೂ ಕಾಣಲಿಲ್ಲ. ಕೇಳಲು ಸಂಕೋಚವಾಗಿ ಸುತ್ತ ಕಣ್ಣಾಡಿಸಿದರೆ, ಅದು ನಾಲ್ಕು ಮಡಿಕೆಯಾಗಿ ಮೇಜಿನ ಕುಂಟು ಕಾಲಿನ ಅಡಿಯಲ್ಲಿ ಕುಳಿತಿತ್ತು. ಮೇಜು ಅಲುಗಾಡುತ್ತಿರಲಿಲ್ಲ. ನನ್ನ ಹಾಳೆಯಿಂದ ಆ ಮನೆಯಲ್ಲಿ ಸಮತೋಲನ ಸುಧಾರಿಸಿದ್ದು ಅದೊಂದಕ್ಕೇ.

ನನ್ನ ಮುಖ ನೋಡಿ ಅಜ್ಜಿಯೇ ಹೇಳಿದರು: “ರಾತ್ರಿ ಎರಡು ಸಲ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಮೇಡಂ. ಎರಡು ಸಲವೂ ಸೊಸೆಯನ್ನು ಎಬ್ಬಿಸಬೇಕು. ಅದೊಂದು ತಪ್ಪಿಸಿ ಕೊಡಿ. ನಿಮ್ಮ ಕಾಲು ಎತ್ತುವುದು, ಇಳಿಸುವುದೆಲ್ಲ ಆಮೇಲೆ ನೋಡೋಣ.”

ನಾನು ಕೊಟ್ಟಿದ್ದ ಹನ್ನೆರಡರಲ್ಲಿ ಒಂದು ವ್ಯಾಯಾಮವೂ ಆ ದಾರಿಯಲ್ಲಿರಲಿಲ್ಲ. ಹೆಚ್ಚಿನವನ್ನು ಮಲಗಿಕೊಂಡೇ ಮಾಡಬೇಕಿತ್ತು!

ಅಂದಿನಿಂದ ನಾನು ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತೇನೆ. ಆ ಮನುಷ್ಯ ಮತ್ತೆ ಮಾಡಬೇಕೆಂದಿರುವ ಕೆಲಸ ಮೊದಲು, ಅದಕ್ಕೆ ಬೇಕಾದ ಕಸುವು ಆಮೇಲೆ, ಕಸರತ್ತು ಎಲ್ಲಕ್ಕಿಂತ ಕೊನೆಗೆ. ಕಾಗದಪತ್ರಗಳಲ್ಲಿ ಇದನ್ನು ‘ಪುನರ್ವಸತಿ’ ಎಂದೂ ಬರೆಯುತ್ತಾರೆ. ನನಗೇಕೋ ಆ ಪದ ಒಗ್ಗಿಲ್ಲ. ಅದು ಮನೆ ಕಳೆದುಕೊಂಡವರಿಗೆ ಮನೆ ಕೊಡುವ ಮಾತು. ನಾವು ನೋಡುವ ಹಿರಿಯರಿಗೆ ಮನೆ ಇರುತ್ತದೆ, ಆ ಮನೆಯೊಳಗೇ ಒಂದು ಕೋಣೆಯಿಂದ ಇನ್ನೊಂದು ಕೋಣೆ ದೂರವಾಗಿಬಿಟ್ಟಿರುತ್ತದೆ.

ನಿನ್ನೆಯ ದಿನವನ್ನು ಕೇಳಿ

‘ಎಲ್ಲಿ ನೋವು?’ ಎಂದು ಶುರು ಮಾಡಿದರೆ ನೋವಿನ ಪಟ್ಟಿ ಸಿಗುತ್ತದೆ, ಯೋಜನೆ ಸಿಗುವುದಿಲ್ಲ. ‘ನಿಮ್ಮ ಗುರಿ ಏನು?’ ಎಂದು ಕೇಳಿದರಂತೂ ಹಿರಿಯರು ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ನಾನು ನಿನ್ನೆಯ ದಿನವನ್ನು ಗಂಟೆ ಗಂಟೆಯಾಗಿ ಹೇಳಿಸುತ್ತೇನೆ. ಎಷ್ಟು ಹೊತ್ತಿಗೆ ಎದ್ದಿರಿ? ಎದ್ದು ಎಲ್ಲಿಗೆ ಹೋದಿರಿ? ಯಾರಾದರೂ ಹಿಡಿದುಕೊಂಡಿದ್ದರೇ? ಸ್ನಾನ ನಿಂತೋ ಕುಳಿತೋ? ಮಧ್ಯಾಹ್ನ ಎಲ್ಲಿ ಕುಳಿತಿದ್ದಿರಿ, ಎಷ್ಟು ಹೊತ್ತು? ಹೀಗೆ ಹೇಳುತ್ತಾ ಹೋಗುವಾಗ ಒಂದು ಕಡೆ ದನಿ ಇಳಿಯುತ್ತದೆ, ಅಥವಾ ಮಾತು ಹಾರಿಹೋಗುತ್ತದೆ. ನೀವು ಹುಡುಕುತ್ತಿರುವುದು ಅಲ್ಲೇ ಇರುತ್ತದೆ.

ಈ ಹೊತ್ತಿನಲ್ಲಿ ಮಕ್ಕಳು ಪಕ್ಕದಲ್ಲಿದ್ದರೆ ಉತ್ತರವೆಲ್ಲ ಅವರದ್ದೇ ಆಗುತ್ತದೆ. ನಯವಾಗಿ ಹೊರಗೆ ಕಳುಹಿಸಿ. 81 ವರ್ಷದ ಒಬ್ಬ ನಿವೃತ್ತ ಮೇಷ್ಟರ ಮಗ, “ಅಪ್ಪ ಮೊದಲಿನ ಹಾಗೆ ವಾಕಿಂಗ್ ಹೋಗಬೇಕು” ಎಂದು ಪಟ್ಟು ಹಿಡಿದಿದ್ದ. ಮಗ ಫೋನ್ ಬಂತೆಂದು ಆಚೆ ಹೋದ ಮೇಲೆ ಮೇಷ್ಟರು ಗಲ್ಲ ಸವರಿಕೊಂಡು, “ಕನ್ನಡಿಯ ಮುಂದೆ ನಿಂತು ನಾನೇ ಕ್ಷೌರ ಮಾಡಿಕೊಳ್ಳುವಂತಾದರೆ ಸಾಕು, ಇನ್ನೊಬ್ಬರ ಕೈಗೆ ಗಲ್ಲ ಒಡ್ಡಿ ಕೂರುವುದು ಆಗುವುದಿಲ್ಲ” ಎಂದರು. ನಿಂತು ಕ್ಷೌರ ಮಾಡಿಕೊಳ್ಳುವುದೆಂದರೆ ಆರೇಳು ನಿಮಿಷ ಎರಡೂ ಕೈ ಬಿಟ್ಟು ನಿಲ್ಲುವುದು, ಕತ್ತು ಹಿಂದಕ್ಕೆ ವಾಲಿಸುವುದು, ತೋಳನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿಯುವುದು. ವಾಕಿಂಗಿಗಿಂತ ಕಷ್ಟದ ಗುರಿ ಅದು. ಆದರೆ ಅವರು ಒಂದು ದಿನವೂ ತಪ್ಪಿಸದೆ ಅಭ್ಯಾಸ ಮಾಡಿದ್ದು ಅದನ್ನೇ.

ಗುರಿಯನ್ನು ಒಂದು ವಾಕ್ಯವಾಗಿ ಬರೆಯಿರಿ. ಕೆಲಸ ಯಾವುದು, ಎಲ್ಲಿ, ಯಾರ ಅಥವಾ ಯಾವುದರ ಆಸರೆಯಲ್ಲಿ, ಎಂದಿನೊಳಗೆ, ಈ ನಾಲ್ಕೂ ಅದರಲ್ಲಿರಬೇಕು. ಅಜ್ಜಿಯದು ಹೀಗಿತ್ತು: ‘ಎಂಟು ವಾರದೊಳಗೆ, ರಾತ್ರಿ ವಾಕರ್ ಹಿಡಿದು, ಯಾರನ್ನೂ ಎಬ್ಬಿಸದೆ ಶೌಚಾಲಯಕ್ಕೆ ಹೋಗಿ ಬರುವುದು.’ 1968ರಲ್ಲಿ ಕಿರೆಸುಕ್ ಮತ್ತು ಶೆರ್ಮನ್ ಎಂಬ ಇಬ್ಬರು ಗುರಿ ಎಷ್ಟು ಈಡೇರಿತು ಎಂದು ಅಳೆಯಲು ಐದು ಮೆಟ್ಟಿಲಿನ ಒಂದು ಮಾಪನವನ್ನು ಕೊಟ್ಟರು. ಅಂದುಕೊಂಡಷ್ಟು ಆದರೆ ಸೊನ್ನೆ, ಹೆಚ್ಚಾದರೆ +1, +2, ಕಡಿಮೆಯಾದರೆ -1, -2. ಅಜ್ಜಿಗೆ -1 ಎಂದರೆ ಸೊಸೆ ಎದ್ದು ಬಂದು ಬಾಗಿಲಲ್ಲಿ ನಿಂತರೆ ಸಾಕು, ಮುಟ್ಟಬೇಕಿಲ್ಲ. +1 ಎಂದರೆ ವಾಕರ್ ಇಲ್ಲದೆ, ಕೈಗೋಲಿನಲ್ಲಿ. ಇವೆಲ್ಲವನ್ನೂ ಮೊದಲೇ ಬರೆದಿಟ್ಟರೆ ಕೊನೆಗೆ ‘ಸ್ವಲ್ಪ ಪರವಾಗಿಲ್ಲ’ ಎಂಬ ಮಾತಿನ ಮರೆಯಲ್ಲಿ ಯಾರೂ ಅಡಗಿಕೊಳ್ಳಲಾಗದು, ನಾವಂತೂ ಮೊದಲೇ.

ಟೇಪು ಹಿಡಿದು ಆ ದಾರಿಯಲ್ಲಿ ನಡೆಯಿರಿ

ಕೆಲಸವನ್ನು ಬಿಡಿಬಿಡಿಯಾಗಿ ನೋಡದೆ ವ್ಯಾಯಾಮ ಆರಿಸಬಾರದು. ರಾತ್ರಿ ಶೌಚಾಲಯಕ್ಕೆ ಹೋಗುವುದೆಂದರೆ ಮಗ್ಗುಲು ತಿರುಗುವುದು, ಮೊಣಕೈ ಊರಿ ಏಳುವುದು, ಮಂಚದ ಅಂಚಿನಲ್ಲಿ ಕೂರುವುದು, ನಿಲ್ಲುವುದು, ಮೊದಲ ಹೆಜ್ಜೆ, ಬಾಗಿಲ ಬಳಿ ತಿರುವು, ಹೊಸ್ತಿಲು, ಹಿಮ್ಮುಖವಾಗಿ ಎರಡು ಹೆಜ್ಜೆ, ಒಂದು ಕೈಯಲ್ಲಿ ಬಟ್ಟೆ ಸರಿಪಡಿಸಿಕೊಳ್ಳುವುದು, ಕೂರುವುದು, ಏಳುವುದು, ಮತ್ತೆ ಅಷ್ಟೇ ದೂರ ವಾಪಸು. ಇದೆಲ್ಲವೂ ಅರೆನಿದ್ದೆಯಲ್ಲಿ, ಮಂದ ಬೆಳಕಿನಲ್ಲಿ, ಅವಸರದಲ್ಲಿ.

ಅಜ್ಜಿಯ ಜೊತೆ ನಾನು ಆ ದಾರಿಯಲ್ಲಿ ಹಗಲಲ್ಲೇ ಒಮ್ಮೆ ನಡೆದೆ. ಅವರ ಹೆಜ್ಜೆಯಲ್ಲಿ ಇಪ್ಪತ್ತಾರು. ಮಂಚದಿಂದ ತಾವೇ ಎದ್ದರು. ವಾಕರ್ ಹಿಡಿದು ತಾವೇ ನಡೆದರು. ಹೊಸ್ತಿಲನ್ನೂ ದಾಟಿದರು. ಹಾಗಾದರೆ ಸೊಸೆ ಯಾಕೆ ಬೇಕು? ಕಮೋಡ್ ಮೇಲೆ ಕೂತರಲ್ಲ, ಆಗ ಗೊತ್ತಾಯಿತು. ಎರಡು ಸಲ ಮುಂದಕ್ಕೆ ತೂಗಿದರು, ಮೂರನೆಯ ಸಲ ಪೃಷ್ಠ ಒಂದು ಗೇಣು ಮೇಲೆದ್ದು ಮತ್ತೆ ಧೊಪ್ಪನೆ ಕುಸಿಯಿತು. ಟೇಪು ತೆಗೆದು ಅಳೆದೆ. ಮಂಚದ ಎತ್ತರ 52 ಸೆಂಟಿಮೀಟರ್, ಕಮೋಡ್‌ನದು 41. ಸೊಸೆಯ ನಿದ್ದೆ ಹಾಳಾಗುತ್ತಿದ್ದದ್ದು ಆ ಹನ್ನೊಂದು ಸೆಂಟಿಮೀಟರಿಗೆ.

ಕುಳಿತ ಜಾಗ ತಗ್ಗಾದಷ್ಟೂ ಏಳುವಾಗ ತೊಡೆಯ ಮುಂದಿನ ಸ್ನಾಯುವಿಗೂ ಪೃಷ್ಠದ ಸ್ನಾಯುವಿಗೂ ಬೀಳುವ ಹೊರೆ ಏರುತ್ತದೆ. ಆದ್ದರಿಂದ ನನ್ನ ಯೋಜನೆಯ ನಡುಗಂಬ ಸಿಕ್ಕಿಬಿಟ್ಟಿತು: ಕುರ್ಚಿಯ ಮೇಲೆ ಗಟ್ಟಿ ದಿಂಬುಗಳನ್ನು ಪೇರಿಸಿ 52ರಿಂದ ಶುರು ಮಾಡುವುದು, ವಾರ ವಾರ ಒಂದೊಂದು ಪದರ ತೆಗೆಯುತ್ತಾ 41ಕ್ಕೆ ಇಳಿಯುವುದು.

ಕಮೋಡ್ ಮೇಲೆ ಎತ್ತರದ ಸೀಟು ಕೂರಿಸಿದರೆ ಆಯಿತಲ್ಲ, ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಕೂರಿಸಿದೆ, ಆ ವಾರವೇ. ಸೊಸೆಗೂ ನಿದ್ದೆ ಬೇಕಿತ್ತು. ಆದರೆ ಎತ್ತರದ ಸೀಟು ಅವರ ಮನೆಯಲ್ಲಿ ಮಾತ್ರ ಇರುತ್ತದೆ, ಬೇರೆಲ್ಲೂ ಇರುವುದಿಲ್ಲ. ಮತ್ತೆ ಅದರ ಮೇಲಿಂದ ಎದ್ದು ಎದ್ದು ಕಾಲು ಅಷ್ಟಕ್ಕೇ ಒಗ್ಗಿಹೋಗುತ್ತದೆ. ಉಪಕರಣ ಇವತ್ತಿನ ರಾತ್ರಿಗೆ, ಕಸರತ್ತು ಎರಡು ತಿಂಗಳ ನಂತರದ ರಾತ್ರಿಗೆ. ಎರಡನ್ನೂ ಒಟ್ಟಿಗೇ ಶುರು ಮಾಡಿ. ಒಂದು ಎಚ್ಚರಿಕೆ: ಸೊಂಟದ ಕೀಲನ್ನೇ ಬದಲಿಸಿದ್ದರೆ ತಗ್ಗಿನ ಆಸನಕ್ಕೆ ಕೆಲವು ವಾರ ನಿಷೇಧ ಇರಬಹುದು. ಎಷ್ಟು ಭಾರ ಹಾಕಬಹುದು, ಯಾವ ಭಂಗಿ ಬೇಡ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳದೆ ಹೆಜ್ಜೆ ಇಡಬೇಡಿ.

ನಾಲ್ಕು ಅಳತೆ, ಮತ್ತೆ ಒಂದು ಬಿಪಿ

ದೊಡ್ಡ ಯಂತ್ರಗಳು ಬೇಕಿಲ್ಲ. ಗೋಡೆಗೆ ಒರಗಿಸಿದ ಕುರ್ಚಿ, ಟೇಪು, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು.

ಎದೆಯ ಮೇಲೆ ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. 75ರಿಂದ 79ರ ವಯಸ್ಸಿನಲ್ಲಿ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 11ಕ್ಕಿಂತ ಕಡಿಮೆ ಬಂದರೆ ಕಾಲಿನ ಕಸುವು ಸರಾಸರಿಗಿಂತ ಕೆಳಗಿದೆ ಎಂದರ್ಥ. ಕೈ ಊರಿದರೆ ಲೆಕ್ಕ ಸೊನ್ನೆ. ಅಜ್ಜಿಯದು ಸೊನ್ನೆಯೇ ಇತ್ತು. ಎರಡನೆಯದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿಯಿರಿ. ಸೆಕೆಂಡಿಗಿಂತ ಹೆಚ್ಚಾಗಿ ನಾನು ತಿರುವನ್ನು ನೋಡುತ್ತೇನೆ. ಮೂರು ಹೆಜ್ಜೆಯಲ್ಲಿ ತಿರುಗಬೇಕಾದವರು ಏಳೆಂಟು ಪುಟ್ಟ ಹೆಜ್ಜೆ ಹಾಕಿದರೆ ಬಾಗಿಲ ಬಳಿ, ಶೌಚಾಲಯದಲ್ಲಿ ಏನಾಗುತ್ತದೆಂದು ಊಹಿಸಬಹುದು. ಮೂರನೆಯದು, 4 ಮೀಟರ್ ಸಹಜ ನಡಿಗೆ. 5 ಸೆಕೆಂಡು ಮೀರಿದರೆ ವೇಗ ಸೆಕೆಂಡಿಗೆ 0.8 ಮೀಟರಿಗಿಂತ ಕೆಳಗಿಳಿದಿದೆ, ಸ್ನಾಯು ಕರಗಿರುವ ಸಂಶಯ ಬರಬೇಕು. ನಾಲ್ಕನೆಯದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಲ್ಲುವುದು. 10 ಸೆಕೆಂಡು ನಿಲ್ಲಲಾಗದಿದ್ದರೆ ಸಮತೋಲನದ ಅಭ್ಯಾಸವೇ ಯೋಜನೆಯ ಮುಖ್ಯ ಭಾಗವಾಗಬೇಕು. ಎಲ್ಲದರಲ್ಲೂ ನೀವು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ಕೈಗೆಟುಕುವಷ್ಟು ಹತ್ತಿರ ನಿಂತಿರಬೇಕು.

ಬಿಪಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ನಾನು ಒಮ್ಮೆ ಎಡವಿದ್ದೇನೆ. ಪದೇ ಪದೇ ಬೀಳುತ್ತಿದ್ದ ಒಬ್ಬ ಹಿರಿಯರಿಗೆ ಮೂರು ವಾರ ಕಾಲಿನ ಕಸರತ್ತು ಮಾಡಿಸಿದೆ. ಕಾಲು ಗಟ್ಟಿಯಾಯಿತು, ಬೀಳುವುದು ನಿಲ್ಲಲಿಲ್ಲ. ಬೀಳುತ್ತಿದ್ದದ್ದು ಯಾವಾಗಲೂ ಎದ್ದ ಕೂಡಲೇ ಎಂದು ಅವರ ಹೆಂಡತಿ ಮಾತಿನ ಮಧ್ಯೆ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಕೊನೆಗೆ ಐದು ನಿಮಿಷ ಮಲಗಿಸಿ ಅಳೆದೆ, 148. ನಿಲ್ಲಿಸಿ ಒಂದು ನಿಮಿಷಕ್ಕೆ ಅಳೆದೆ, 116. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ದಾಖಲಿಸಿ ವೈದ್ಯರಿಗೆ ತಿಳಿಸಬೇಕಾದ ಸಂಗತಿ. ವೈದ್ಯರು ಮಾತ್ರೆ ಬದಲಿಸಿದರು, ನಾನು ಏಳುವ ಮುಂಚೆ ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡವನ್ನು ಇಪ್ಪತ್ತು ಸಲ ಬಿಗಿಯುವುದನ್ನು ಕಲಿಸಿದೆ. ಈಗ ಯಾರ ಮನೆಗೆ ಹೋದರೂ ಮಲಗಿದ ಬಿಪಿ, ನಿಂತ ಬಿಪಿ ಎರಡನ್ನೂ ನೋಡದೆ ಮುಂದಿನ ಮಾತಿಲ್ಲ. ಮಾತ್ರೆಗಳ ಡಬ್ಬವನ್ನು ತರಿಸಿ ನೋಡುವುದೂ ಅಷ್ಟೇ ಮುಖ್ಯ. ನಿದ್ದೆ ಮಾತ್ರೆ ಇದ್ದರೆ ರಾತ್ರಿಯ ನಡಿಗೆಯ ಲೆಕ್ಕವೇ ಬೇರೆ. ಕನ್ನಡಕ, ಕಿವಿ, ಕಾಲುಗುರು, ಸವೆದ ಚಪ್ಪಲಿ, ಇವನ್ನೂ ನೋಡಿ, ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಕರುಣೆಯಿಂದ ಕಡಿಮೆ ಮಾಡಬೇಡಿ

ಹಿರಿಯರ ಯೋಜನೆಗಳು ಕೆಡುವುದು ಹೆಚ್ಚಾಗಿ ಇಲ್ಲಿ. ವಯಸ್ಸಾಗಿದೆ ಪಾಪ ಎಂದುಕೊಂಡು ಗಾಳಿಯಲ್ಲಿ ಕೈ ಬೀಸುವ, ಪಾದ ಅಲ್ಲಾಡಿಸುವ ಕಸರತ್ತುಗಳನ್ನು ಕೊಟ್ಟು, ಎರಡು ತಿಂಗಳ ನಂತರ ‘ವಯಸ್ಸಿಗೆ ಇಷ್ಟೇ ಸಾಧ್ಯ’ ಎಂದುಬಿಡುತ್ತೇವೆ.

1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಬಾಸ್ಟನ್‌ನ ಒಂದು ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟರು. ಕಾಲಿಗೆ ಕೊಟ್ಟ ಭಾರ ಅವರು ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠದ ಸುಮಾರು ಶೇಕಡ 80ರಷ್ಟು. ಪೂರ್ಣಗೊಳಿಸಿದ ಒಂಬತ್ತು ಮಂದಿಯಲ್ಲಿ ತೊಡೆಯ ಸ್ನಾಯುವಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಇಬ್ಬರು ಕೈಗೋಲು ಬಿಟ್ಟು ನಡೆದರು. ಇನ್ನೊಂದು ಬದಿಯ ಲೆಕ್ಕವೂ ಗೊತ್ತಿರಲಿ: 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು ಕೇವಲ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಕೊಬ್ಬುರಹಿತ ಅಂಗಾಂಶ ಕರಗಿತ್ತು. ಕಾಯಿಲೆಯವರಲ್ಲ, ಆರೋಗ್ಯವಂತರು! ‘ಮಲಗಿ, ವಿಶ್ರಾಂತಿ ತೆಗೆದುಕೊಳ್ಳಿ’ ಎಂಬ ಮಾತನ್ನು ನಾನು ಔಷಧಿಯ ಚೀಟಿ ಬರೆದಷ್ಟೇ ಅಳೆದು ಹೇಳುತ್ತೇನೆ.

ಹಾಗೆಂದು ಮೊದಲ ದಿನವೇ ಗರಿಷ್ಠ ಭಾರ ಎತ್ತಿಸಲು ಹೋಗಬೇಡಿ. ನಾನು ಹಿಡಿಯುವ ದಾರಿ ಹೀಗಿದೆ. ಎಂಟರಿಂದ ಹತ್ತು ಸಲ ಮಾಡಬಹುದಾದ, ಆದರೆ ಕೊನೆಯ ಎರಡಕ್ಕೆ ಹಲ್ಲು ಕಚ್ಚಬೇಕಾದ ಮಟ್ಟವನ್ನು ಹುಡುಕುತ್ತೇನೆ. ಎರಡು ಸುತ್ತು, ನಡುವೆ ಎರಡು ನಿಮಿಷ ವಿರಾಮ, ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ‘ಸುಮ್ಮನೆ ಕೂತಿರುವುದು ಸೊನ್ನೆ, ಇನ್ನು ಆಗುವುದೇ ಇಲ್ಲ ಎನ್ನುವುದು ಹತ್ತು, ಇದು ಎಷ್ಟು?’ ಎಂದು ಕೇಳುತ್ತೇನೆ. ಐದು ಅಥವಾ ಆರು ಬರಬೇಕು. ಹಿರಿಯರು ಮರ್ಯಾದೆಗೆ ಸುಳ್ಳು ಹೇಳುವುದುಂಟು, ಆದ್ದರಿಂದ ಇನ್ನೊಂದು ಪ್ರಶ್ನೆ: ‘ಹೀಗೇ ಇನ್ನೆಷ್ಟು ಸಲ ಆಗುತ್ತದೆ?’ ‘ಇನ್ನೂ ಹತ್ತು’ ಎಂದರೆ ನಾನು ಅವರ ಸಮಯ ಹಾಳು ಮಾಡುತ್ತಿದ್ದೇನೆ. ನಾಡಿ ಹಿಡಿದು ಶ್ರಮ ಅಳೆಯಲು ಹೋಗಬೇಡಿ, ಬಿಪಿಗೆ, ಹೃದಯಕ್ಕೆಂದು ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ.

ಭಾರ ಏರಿಸಲು ಡಂಬೆಲ್ ಇರಲೇಬೇಕೆಂದಿಲ್ಲ. ಕುರ್ಚಿಯಿಂದ ಏಳುವ ಒಂದೇ ಕಸರತ್ತಿನಲ್ಲಿ ಎಷ್ಟು ಮೆಟ್ಟಿಲುಗಳಿವೆ ನೋಡಿ: ಎತ್ತರದ ಆಸನದಿಂದ ಎರಡು ಕೈ ಊರಿ, ಒಂದು ಕೈ ಊರಿ, ಕೈ ಊರದೆ. ಅದೇ ಮೂರು ತಗ್ಗಿನ ಆಸನದಿಂದ. ಆಮೇಲೆ ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರುವುದು. ಆಮೇಲೆ ಎದೆಗೆ ಭಾರದ ಚೀಲ ಅವಚಿಕೊಂಡು. ಕೊನೆಗೆ, ಬೇಗ ಎದ್ದು ನಿಧಾನವಾಗಿ ಕೂರುವುದು. ಈ ‘ಬೇಗ’ವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎಡವಿದಾಗ ಕಾಲು ಚಕ್ಕನೆ ಮುಂದೆ ಬರಬೇಕಾದರೆ ಬಲದ ಜೊತೆ ವೇಗವೂ ಬೇಕು, ವಯಸ್ಸಿನಲ್ಲಿ ಬಲಕ್ಕಿಂತ ಮುಂಚೆ ಕುಗ್ಗುವುದು ಅದೇ.

ಅಜ್ಜಿ ಮೊದಲ ವಾರ 52 ಸೆಂಟಿಮೀಟರಿನಲ್ಲಿ ಎರಡು ಕೈ ಊರಿ ಎಂಟು ಸಲ ಎದ್ದರು. ಮೂರನೆಯ ವಾರ ಒಂದು ದಿಂಬು ತೆಗೆದಾಗ ಮತ್ತೆ ನಾಲ್ಕಕ್ಕೆ ಇಳಿದು, ಮುಖ ಸಪ್ಪೆ ಮಾಡಿಕೊಂಡರು. ಹಾಗಾಗುವುದು ಸಹಜ, ಮೊದಲೇ ಹೇಳಿಟ್ಟಿರಬೇಕಿತ್ತು, ನಾನು ಹೇಳಿರಲಿಲ್ಲ. ಮಾರನೆಯ ದಿನ ಮಾಂಸಖಂಡ ಹಿಡಿದುಕೊಂಡಂತೆ ನೋಯುವುದಕ್ಕೆ ಹೆದರಬೇಕಿಲ್ಲ. ಕೀಲು ನೋಯುತ್ತಿದ್ದು, ಅದು ಮರುದಿನ ಬೆಳಿಗ್ಗೆಗೂ ಇಳಿಯದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಇನ್ನು, ತಟ್ಟೆಯಲ್ಲಿ ಪ್ರೋಟೀನ್ ಇಲ್ಲದೆ ಸ್ನಾಯು ಬೆಳೆಯುವುದಿಲ್ಲ: ಹಿರಿಯರಿಗೆ ದಿನಕ್ಕೆ ದೇಹತೂಕದ ಒಂದು ಕಿಲೋಗೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ.

ಬರೀ ನಡೆಸಿದರೆ ಸಾಲದು

‘ದಿನಾ ಅರ್ಧ ಗಂಟೆ ನಡೆಸುತ್ತೇವೆ’ ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ನಡಿಗೆ ಹೃದಯಕ್ಕೆ, ಉಸಿರಿಗೆ, ಮನಸ್ಸಿಗೆ ಒಳ್ಳೆಯದು. ಆದರೆ ನಡಿಗೆಯೊಂದರಿಂದಲೇ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 2019ರಲ್ಲಿ ಕಾಕ್ರೇನ್ ಸಂಸ್ಥೆ 108 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ವ್ಯಾಯಾಮದಿಂದ ಬೀಳುವ ಪ್ರಮಾಣ ಶೇಕಡ 23ರಷ್ಟು ತಗ್ಗುವುದು ಕಂಡಿತು. ಅದರಲ್ಲಿ ಮುಖ್ಯ ಪಾಲು ಸಮತೋಲನಕ್ಕೆ ಸವಾಲು ಒಡ್ಡುವ ಕಸರತ್ತುಗಳದ್ದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಮನೆ ವ್ಯಾಯಾಮದ ಕ್ರಮವನ್ನು ನೋಡಿ ನಾನು ಬಹಳ ಕಲಿತೆ. ಕಾಲಿಗೆ ಕಟ್ಟುವ ಭಾರ, ಸಮತೋಲನದ ಅಭ್ಯಾಸ, ನಡಿಗೆ, ಜೊತೆಗೆ ತರಬೇತುದಾರರ ಕೆಲವೇ ಭೇಟಿ. ಅಷ್ಟೇ ಸರಳ.

ಸಮತೋಲನ ಕಲಿಯಬೇಕಾದರೆ ಸ್ವಲ್ಪ ಓಲಾಡಲೇಬೇಕು. ಅಲುಗಾಡದೆ ನಿಂತವರು ಏನೂ ಕಲಿಯುತ್ತಿಲ್ಲ. ಓಲಾಡಿದರೂ ಬೀಳದಂತೆ ಜಾಗ ಮಾಡುವುದು ನಮ್ಮ ಕೆಲಸ. ಕೋಣೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ಮುಂದೆ ಗಟ್ಟಿ ಕುರ್ಚಿಯ ಬೆನ್ನು ಇಡಿ: ಮೂರು ಕಡೆಯೂ ಆಸರೆ ಸಿದ್ಧ. ಕುರ್ಚಿಯನ್ನು ಮೊದಲು ಅಂಗೈಯಿಂದ ಹಿಡಿಯುವುದು, ಆಮೇಲೆ ಎರಡು ಬೆರಳು, ಆಮೇಲೆ ಬೆರಳ ತುದಿ, ಆಮೇಲೆ ಕೈ ಮೇಲೆ ತೇಲಿಸಿ ಇಡುವುದು. ಪಾದ ಮೊದಲು ಜೋಡಿಸಿ, ಆಮೇಲೆ ಅರ್ಧ ಹಿಂದೆ ಮುಂದೆ, ಆಮೇಲೆ ಒಂದರ ಹಿಂದೊಂದು. ಅದಾದ ಮೇಲೆ ಕತ್ತು ತಿರುಗಿಸುವುದು, ನಡೆಯುತ್ತಾ ಮಾತನಾಡುವುದು. ಮಾತು ಬಂದ ಕೂಡಲೇ ನಡಿಗೆ ನಿಲ್ಲುವವರನ್ನು ಗಮನಿಸಿ. ಅವರಿಗೆ ನಡಿಗೆಯೇ ಇಡೀ ಮನಸ್ಸನ್ನು ಬೇಡುತ್ತಿದೆ, ಅಂಥವರು ಬೀಳುವುದು ಹೆಚ್ಚು. ಮೇಷ್ಟರಿಗೆ ನಾನು ಮೂಲೆಯಲ್ಲಿ ನಿಲ್ಲಿಸಿ ಕೈಗೆ ಮುಚ್ಚಳ ಹಾಕಿದ ರೇಜರ್ ಕೊಟ್ಟಿದ್ದೆ. ಹದಿನೈದು ಸೆಕೆಂಡಿನಿಂದ ಶುರುವಾಗಿ ಐದನೆಯ ವಾರಕ್ಕೆ ನಾಲ್ಕು ನಿಮಿಷಕ್ಕೆ ಬಂದರು.

ನೆಲದಿಂದ ಏಳುವುದನ್ನು ಯೋಜನೆಯಲ್ಲಿ ಸೇರಿಸಿ. ಇದನ್ನು ಕಲಿಸಲು ನಮಗೇ ಹೆದರಿಕೆ, ಆದ್ದರಿಂದ ಯಾರೂ ಕಲಿಸುವುದಿಲ್ಲ. ಆದರೆ ಬಿದ್ದವರು ಗಂಟೆಗಟ್ಟಲೆ ನೆಲದಲ್ಲೇ ಉಳಿದರೆ ಬಿದ್ದ ಪೆಟ್ಟಿಗಿಂತ ಅದರ ಹಾನಿಯೇ ಹೆಚ್ಚಾಗಬಹುದು. ನಾನು ಇದನ್ನೂ ಹಿಂದಿನಿಂದ ಕಲಿಸುತ್ತೇನೆ. ಮೊದಲ ವಾರ ಕುರ್ಚಿಯ ಮುಂದೆ ನಿಂತು, ಆಸನಕ್ಕೆ ಎರಡೂ ಕೈ ಊರಿ, ಒಂದು ಮೊಣಕಾಲನ್ನು ದಪ್ಪ ದಿಂಬಿನ ಮೇಲೆ ಇಳಿಸಿ ಮತ್ತೆ ಏಳುವುದು. ಅದು ಸಲೀಸಾದರೆ ಎರಡೂ ಮೊಣಕಾಲು ಊರಿ, ಗಟ್ಟಿ ಕಾಲಿನ ಪಾದವನ್ನು ಮುಂದಿಟ್ಟು ಏಳುವುದು. ಆಮೇಲೆ ಅಂಬೆಗಾಲಿನ ಭಂಗಿ, ಆಮೇಲೆ ಮಗ್ಗುಲಾಗಿ ಕೂರುವುದು, ಕೊನೆಗೆ ಅಂಗಾತ ಮಲಗಿ ಅಲ್ಲಿಂದ ಮಗ್ಗುಲಿಗೆ ಹೊರಳಿ ಇಡೀ ದಾರಿಯಲ್ಲಿ ವಾಪಸು. ಹೀಗೆ ಇಳಿದರೆ ಪ್ರತಿ ಹಂತದಲ್ಲೂ ಮೇಲೇಳುವ ದಾರಿ ಮೊದಲೇ ಗೊತ್ತಿರುತ್ತದೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಮಂಡಿ ಊರಲಾಗದವರಿಗೆ ಪೃಷ್ಠದ ಮೇಲೆ ತೆವಳಿ ಮೆಟ್ಟಿಲಿನ ಅಥವಾ ಸೋಫಾದ ಬಳಿ ತಲುಪುವುದನ್ನು, ತಲುಪಲಾಗದಿದ್ದರೆ ಬೆಚ್ಚಗೆ ಹೊದ್ದುಕೊಂಡು ಕೂಗುವುದನ್ನು ಕಲಿಸಿ. ಅಜ್ಜಿ ಮೊದಲ ಸಲ ಪೂರ್ತಿ ಎದ್ದ ದಿನ ಸೊಸೆಯನ್ನು ಕರೆದು ಇನ್ನೊಮ್ಮೆ ಮಲಗಿ ಎದ್ದು ತೋರಿಸಿದರು. ಸೊಸೆಗೆ ಎದೆ ನಡುಗಿತಂತೆ, ಆದರೆ ಅಂದಿನಿಂದ ಅತ್ತೆಯ ಹಿಂದೆ ಹಿಂದೆ ಓಡಾಡುವುದನ್ನು ಬಿಟ್ಟರು.

ಮನೆಯವರಿಗೂ ಒಂದು ಕಸರತ್ತು ಇದೆ: ಕಾಯುವುದು. ಹಿರಿಯರು ಏಳಲು ಹೊರಟರೆ ಸಾಕು, ಮಗಳ ಕೈ ತೋಳಿನ ಕೆಳಗೆ ಬಂದಿರುತ್ತದೆ. ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೂ ಆಗದಿದ್ದರೆ ಕೈ ಕೊಡಿ ಎನ್ನುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಕೈ ಕೊಡಬೇಕಾಗಿ ಬರುವುದಿಲ್ಲ. ಮರೆವಿನ ಕಾಯಿಲೆ ಇರುವವರಿಗೆ ವಿವರಣೆ ಬೇಡ. ಅದೇ ಕುರ್ಚಿ, ಅದೇ ಹೊತ್ತು, ಅದೇ ಮೂರು ಮಾತು: ‘ಮುಂದೆ ಬನ್ನಿ, ಬಾಗಿ, ಏಳಿ.’ ತಪ್ಪು ಮಾಡಿಸಿ ತಿದ್ದುವುದಕ್ಕಿಂತ ತಪ್ಪಾಗದಂತೆ ಜೊತೆಯಲ್ಲೇ ಮಾಡಿ. ಹೆಸರು ಮರೆತರೂ ದೇಹ ಅಭ್ಯಾಸವನ್ನು ಉಳಿಸಿಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮನೆಯೊಳಗೆ ಮಾಡಬೇಕಾದ ಬದಲಾವಣೆಗಳು ನಿಮಗೆ ಗೊತ್ತಿರುವವೇ: ರಾತ್ರಿ ದಾರಿಗೆ ದೀಪ, ಜಾರುವ ಕಾಲೊರೆಸುವುದನ್ನು ಎತ್ತಿಡುವುದು, ಗೋಡೆಗೆ ಹಿಡಿಕೆ. ಕೈಗೋಲಿನ ಹಿಡಿಯು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಸಮವಾಗಿರಲಿ, ಕೋಲು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿರಲಿ. ಇದನ್ನು ತಿರುಗುಮುರುಗಾಗಿ ಹಿಡಿದವರೇ ಹೆಚ್ಚು.

ಹಾಳೆ, ವಾರ, ಮತ್ತೆ ಅಳತೆ

ಈಗ ನಾನು ಕೊಡುವ ಹಾಳೆಯಲ್ಲಿ ನಾಲ್ಕು ಸಾಲು ಮೀರುವುದಿಲ್ಲ, ಅಕ್ಷರ ಹೆಬ್ಬೆರಳಿನ ಉಗುರಷ್ಟು ದೊಡ್ಡದು. ಅಜ್ಜಿಯದರಲ್ಲಿ ಇದ್ದದ್ದು: ಏಳುವುದು-ಕೂರುವುದು ಎರಡು ಸುತ್ತು, ದಿನ ಬಿಟ್ಟು ದಿನ. ಮೂಲೆಯಲ್ಲಿ ನಿಲ್ಲುವುದು, ಪ್ರತಿದಿನ ಹಲ್ಲುಜ್ಜಿದ ಮೇಲೆ. ಹಿಮ್ಮುಖ ಹೆಜ್ಜೆ ಹತ್ತು, ಪಕ್ಕದ ಹೆಜ್ಜೆ ಹತ್ತು, ಗೋಡೆ ಹಿಡಿದು. ಶೌಚಾಲಯದ ದಾರಿ ಮೂರು ಸಲ, ಅದರಲ್ಲಿ ಒಂದು ಸಲ ಸಂಜೆ ದೀಪ ಮಂದ ಮಾಡಿ. ಕಸರತ್ತನ್ನು ಗಡಿಯಾರಕ್ಕಿಂತ ದಿನಚರಿಗೆ ಕಟ್ಟಿದರೆ ಮರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನ ಬಲದ ವ್ಯಾಯಾಮ, ಮೂರು ದಿನ ಸಮತೋಲನ ಸೇರಿದ ಚಟುವಟಿಕೆ ಎನ್ನುತ್ತದೆ. ಆಸ್ಪತ್ರೆಯಿಂದ ಆಗಷ್ಟೇ ಬಂದವರಿಗೆ ಅದು ದೂರದ ಊರು. ಐದು ನಿಮಿಷದ ತುಂಡುಗಳಿಂದ ಶುರು ಮಾಡಿ, ಆ ದಿಕ್ಕಿಗೆ ಮುಖ ಮಾಡಿದ್ದರೆ ಸಾಕು.

ಎದೆ ನೋವು, ಎಂದಿಲ್ಲದ ಏದುಸಿರು, ತಲೆ ಸುತ್ತು, ಒಂದೇ ಮೀನಖಂಡ ಊದಿ ಬಿಸಿಯಾಗುವುದು, ಇದ್ದಕ್ಕಿದ್ದಂತೆ ಮಾತು ತೊದಲುವುದು ಅಥವಾ ಗೊಂದಲವಾಗುವುದು ಕಂಡರೆ ಕಸರತ್ತು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ, ‘ಆಮೇಲೆ ನೋಡೋಣ’ ಎನ್ನಬೇಡಿ. ವಿಶ್ರಾಂತಿಯಲ್ಲಿದ್ದಾಗಲೇ ಮೇಲಿನ ಬಿಪಿ 180 ಮೀರಿದ್ದರೆ ನಾನು ಆ ದಿನ ಶುರು ಮಾಡುವುದಿಲ್ಲ.

ಎರಡು ವಾರಕ್ಕೊಮ್ಮೆ ಅದೇ ಕುರ್ಚಿ, ಅದೇ ಚಪ್ಪಲಿ, ಅದೇ ಹೊತ್ತಿನಲ್ಲಿ ಮರು ಅಳತೆ. ಎರಡು ಸಲ ಅಳೆದರೂ ಅಂಕಿ ಕದಲದಿದ್ದರೆ ಹಿರಿಯರನ್ನು ದೂರುವ ಮುಂಚೆ ನನ್ನ ಹಾಳೆಯನ್ನು ನೋಡಿಕೊಳ್ಳುತ್ತೇನೆ: ಕಸರತ್ತು ಹಗುರವಾಗಿದೆಯೇ, ಮಾಡುತ್ತಿದ್ದಾರೆಯೇ, ಊಟ ಸೇರುತ್ತಿದೆಯೇ, ಮನಸ್ಸು ಕುಗ್ಗಿದೆಯೇ. ಅಜ್ಜಿ ಆರನೆಯ ವಾರಕ್ಕೆ 30 ಸೆಕೆಂಡಿನಲ್ಲಿ ಕೈ ಊರದೆ ಆರು ಸಲ ಎದ್ದರು, ಏಳನೆಯ ವಾರ ಎತ್ತರದ ಸೀಟನ್ನು ತೆಗೆದಿಟ್ಟೆವು. ವಾಕರ್ ಮಾತ್ರ ರಾತ್ರಿಗೆ ಉಳಿಯಿತು, ಅಂದರೆ ನಮ್ಮ ಲೆಕ್ಕದಲ್ಲಿ ಸೊನ್ನೆ, ಅಂದುಕೊಂಡಷ್ಟು.

ಕೊನೆಯ ಭೇಟಿಯಲ್ಲಿ ನಾನು ಇನ್ನೊಂದು ಹಾಳೆ ಬರೆದು ಕೊಡುತ್ತೇನೆ, ಕಾಯಿಲೆಯ ದಿನಗಳಿಗೆಂದು. ಜ್ವರವೋ ಭೇದಿಯೋ ಬಂದು ಮೂರು ದಿನ ಮಲಗಿದರೂ ಗಳಿಸಿದ್ದರಲ್ಲಿ ಒಂದಿಷ್ಟು ಹೋಗುತ್ತದೆ, ಆಗ ‘ಎಲ್ಲ ಹಾಳಾಯಿತು’ ಎಂದು ಬಹಳ ಮಂದಿ ಕೈಬಿಡುತ್ತಾರೆ. ಅಜ್ಜಿಯ ಹಾಳೆಯಲ್ಲಿ ಬರೆದದ್ದು ಮೂರೇ ಸಾಲು. ಮಲಗಿದ್ದಾಗಲೂ ಊಟವನ್ನು ಮಂಚದ ಅಂಚಿನಲ್ಲಿ ಕುಳಿತೇ ಮಾಡಿ. ಜ್ವರ ಬಿಟ್ಟ ಮಾರನೆಯ ದಿನ ಎರಡು ದಿಂಬು ಹಾಕಿ ಅರ್ಧದಷ್ಟು ಸಲ ಎದ್ದು ಕೂತು, ಮೂರು ದಿನಕ್ಕೊಂದು ದಿಂಬು ತೆಗೆಯಿರಿ. ಹತ್ತು ದಿನವಾದರೂ ದಿಂಬಿಲ್ಲದೆ ಏಳಲಾಗದಿದ್ದರೆ ನನಗೆ ಫೋನ್ ಮಾಡಿ.